ಮಿದುಳಿಲ್ಲದವನ ರೈಲುದಾರಿ

ಆಷಾಢದ ಮಳೆ ಹಿಡಿದು ನಾಲ್ಕು ದಿನ. ಕೊಟ್ಟಿಗೆ ಹಿಂದಿನ ಕೊಳೆತ ಹಲಸಿನ ಕೊರಡಿನ ಮೇಲೆ, ಬಜ್ಜಿಗೆ ಕಲಸಿದ ಕಡಲೆಹಿಟ್ಟು ಚೆಲ್ಲಿದಂತೆ ಹಳದಿ ಮುದ್ದೆ. ಬೆಳಗ್ಗೆ ನೋಡಿದರೆ ಗೇಣುದ್ದ ಆಚೆ ಹೋಗಿದೆ!

“ನಾಯಿ ಕಕ್ಕಿದ್ದು ಕಣೋ, ಬೂದಿ ಹಾಕು” ಎಂದರು ಅಜ್ಜಿ.

“ಕಕ್ಕಿದ್ದು ನಡೆಯುತ್ತಾ ಅಜ್ಜಿ?”

ಅವರ ತಪ್ಪೇನಿಲ್ಲ, ಇಂಗ್ಲಿಷಿನವರೂ ಇದನ್ನು ನಾಯಿವಾಂತಿ ಎಂದೇ ಕರೆಯುವುದು. 1973ರಲ್ಲಿ ಟೆಕ್ಸಾಸ್‌ನ ಹಿತ್ತಲೊಂದರಲ್ಲಿ ಕಾಣಿಸಿಕೊಂಡಾಗ ಅನ್ಯಗ್ರಹದ ಜೀವಿಯೇ ಇಳಿಯಿತೆಂದು ಜನ ಗಾಬರಿಬಿದ್ದಿದ್ದರು. 1958ರ ‘ದಿ ಬ್ಲಾಬ್’ ಸಿನಿಮಾದಲ್ಲಿ ಉಲ್ಕೆಯೊಳಗಿಂದ ಬಂದ ಲೋಳೆ ಮನುಷ್ಯರನ್ನು ನುಂಗುತ್ತ ಉಬ್ಬಿದ್ದನ್ನು ಕಂಡವರಲ್ಲವೇ, ಪಾಪ!

ಇದು ಲೋಳೆಬೂಷ್ಟು. ಹೆಸರಿಗಷ್ಟೇ ಬೂಷ್ಟು, ಅಣಬೆಗಿಂತ ಅಮೀಬಾಗೇ ಹತ್ತಿರದ ನೆಂಟ. ಇಷ್ಟಗಲ ಹರಡಿದರೂ ಒಂದೇ ಜೀವಕೋಶ, ಒಳಗೆ ಲೆಕ್ಕವಿಲ್ಲದಷ್ಟು ಕೋಶಕೇಂದ್ರಗಳು. ಒಂದೇ ಒಲೆಯ ಅವಿಭಕ್ತ ಕುಟುಂಬ, ಪಾಲಿನ ಜಗಳವಿಲ್ಲ. ಬ್ಯಾಕ್ಟೀರಿಯಾ ಸಿಕ್ಕಿದರೆ ಸುತ್ತುವರಿದು ನುಂಗುತ್ತದೆ. ಒಣಗಿದರೆ ಗಟ್ಟಿಯಾಗಿ ಮಲಗಿ ಮುಂದಿನ ಮಳೆಗೆ ಕಾಯುತ್ತದೆ.

ಮಿದುಳು? ಇಲ್ಲವೇ ಇಲ್ಲ. ಆದರೂ 2010ರಲ್ಲಿ ಜಪಾನಿನ ವಿಜ್ಞಾನಿಗಳು ಟೋಕಿಯೊ ಸುತ್ತಲಿನ ಊರುಗಳ ನಕ್ಷೆಯಂತೆ ಓಟ್ಸ್ ಇಟ್ಟು, ಇದರ ದಾಯಾದಿ ಫೈಸಾರಮ್ ಅನ್ನು ಬಿಟ್ಟರು. 26 ಗಂಟೆಯಲ್ಲಿ ಅಲ್ಲಿನ ರೈಲುಜಾಲವನ್ನೇ ಹೋಲುವ ದಾರಿ ಹಾಕಿಬಿಟ್ಟಿತು! ನಮ್ಮೂರ ರಸ್ತೆಗೆ ಸರ್ವೆಯವರು ಕಲ್ಲು ನೆಟ್ಟು ಹನ್ನೊಂದು ವರ್ಷವಾಯಿತು. ಕಲ್ಲಿಗೇ ಪಾಚಿ ಕಟ್ಟಿದೆ.

ಆಸೆಯಿಂದ ನಾನೂ ಅಲ್ಲಲ್ಲಿ ಅವಲಕ್ಕಿ ಇಟ್ಟು ಬಂದೆ. ಸಂಜೆ ಹೋಗಿ ನೋಡಿದರೆ ಪಕ್ಕದ ಮನೆ ಕೋಳಿ ಎಲ್ಲ ಊರುಗಳನ್ನೂ ಮುಗಿಸಿ, ಇನ್ನೂ ಇದೆಯಾ ಎಂಬಂತೆ ನನ್ನನ್ನೇ ನೋಡುತ್ತಿತ್ತು.