ಈಗಲೋ, ಅಲ್ಲಿಯೋ?

ಮಡಿಕೇರಿಯಲ್ಲಿ ಎರಡು ರಾತ್ರಿ ತಂಗಲು ಕೊಠಡಿಯೊಂದನ್ನು ಗೊತ್ತುಮಾಡಬೇಕೆಂದು ಮೊಬೈಲು ಹಿಡಿದು ಕುಳಿತ ಗೃಹಸ್ಥನಿಗೆ, ದಿನ, ಶಯ್ಯೆ, ಉಪಾಹಾರಗಳೆಲ್ಲ ಸುಸೂತ್ರವಾಗಿ ನಿಶ್ಚಯವಾದ ಬಳಿಕ, ಹಣವನ್ನು ಈಗಲೇ ಪಾವತಿಸುವಿರೋ ಹೋಟೆಲಿನಲ್ಲಿ ಪಾವತಿಸುವಿರೋ ಎಂಬ ಪ್ರಶ್ನೆ ಎದುರಾದೊಡನೆ ಧರ್ಮಸಂಕಟವು ಪ್ರಾಪ್ತವಾಗುತ್ತದೆ. ಈಗಲೇ ಕೊಟ್ಟರೆ ಸಾಮಾನ್ಯವಾಗಿ ದರ ತುಸು ಅಗ್ಗ. ಆದರೆ ‘ಮರುಪಾವತಿ ಇಲ್ಲ’ವೆಂಬ ಷರತ್ತು ಇರುವೆಗಾತ್ರದ ಅಕ್ಷರಗಳಲ್ಲಿ ವಿನಯದಿಂದ ಅದರಡಿ ಅಡಗಿರುವುದುಂಟು. ಅಲ್ಲಿಯೇ ಕೊಡುವೆನೆಂದವನಿಂದಲೂ ಕಾರ್ಡಿನ ಸಂಖ್ಯೆಯನ್ನು ಇಲ್ಲಿಯೇ ಕೇಳುವ ಪರಿಪಾಠವೂ ಇಲ್ಲದಿಲ್ಲ.

ಇದರ ಅಂತರಂಗವಿಷ್ಟೆ: ಮೊದಲನೆಯ ಕ್ರಮದಲ್ಲಿ ಬುಕಿಂಗ್ ಜಾಲತಾಣದವರು ನಮ್ಮ ಹಣ ಪಡೆದು, ತಮ್ಮ ಕಮಿಷನ್ನು ಮುರಿದುಕೊಂಡು, ಶೇಷವನ್ನು ಹೋಟೆಲಿಗೆ ತಲುಪಿಸುವರು, ಎರಡನೆಯದರಲ್ಲಿ ಹೋಟೆಲಿನವರೇ ಹಣ ಪಡೆದು, ಅನಂತರ ಭಾರವಾದ ಮನಸ್ಸಿನಿಂದ ಕಮಿಷನ್ನು ತೆರುವರು. ಆದುದರಿಂದಲೇ ರಿಸೆಪ್ಷನ್ನಿನ ತರುಣನು, “ಮುಂದಿನ ಸಲ ಸೀದಾ ನಮಗೇ ಫೋನ್ ಮಾಡಿ ಸಾರ್” ಎಂದು ಪಿಸುಗುಟ್ಟುವುದು.

ಇನ್ನು ಹಣ ತೆರುವ ಬಗೆಗಳ ಮಾತು. ಕಾರ್ಡಾದರೆ, ರಿಸರ್ವ್ ಬ್ಯಾಂಕಿನ ಆಜ್ಞಾನುಸಾರ 2022ರ ಅಕ್ಟೋಬರ್ 1ರಿಂದ ವ್ಯಾಪಾರಿಯಾವನೂ ಕಾರ್ಡಿನ ಪೂರ್ಣಸಂಖ್ಯೆಯನ್ನು ತನ್ನಲ್ಲಿ ಕೂಡಿಡುವಂತಿಲ್ಲ, ಅದರ ಬದಲಿಗೆ ಟೋಕನ್ನೆಂಬ ಸಂಕೇತವನ್ನಷ್ಟೇ ಇಟ್ಟುಕೊಳ್ಳಬಹುದು ಎಂಬುದು ಸಮಾಧಾನದ ಸಂಗತಿಯೇ ಸರಿ. ಯುಪಿಐ ಸುಲಭ, ಆದರೆ ಎದುರಿಗಿರುವ ಗಡಿಯಾರದ ಹಿಮ್ಮೊಗದ ಓಟವನ್ನು ನೋಡುತ್ತ ಪಿನ್ನು ನೆನೆಯುವುದು ಸಾಮಾನ್ಯರ ಧೈರ್ಯಕ್ಕೆ ನಿಲುಕುವ ಸಾಹಸವಲ್ಲ. ನನ್ನನ್ನು ಪರಮಾಶ್ಚರ್ಯದಲ್ಲಿ ಕೆಡಹುವುದು ಮಾತ್ರ ಇಎಂಐ: ಎರಡು ರಾತ್ರಿಯ ನಿದ್ರೆಗೆ ಹನ್ನೆರಡು ತಿಂಗಳ ಕಂತು! ಮಡಿಕೇರಿಯ ಮಳೆಯಲ್ಲಿ ನೆನೆದು ತಂದ ನೆಗಡಿ ವಾರದೊಳಗೆ ಬಿಟ್ಟುಹೋದರೂ, ಕಂತು ಯುಗಾದಿ, ಗಣೇಶನ ಹಬ್ಬ, ದೀಪಾವಳಿಗಳನ್ನೆಲ್ಲ ಮನೆಯವರೊಡನೆಯೇ ಆಚರಿಸುತ್ತದೆ.