ಖಾತೆ ಆಗದ ಸೈಟು

ಚನ್ನರಾಯಪಟ್ಟಣದ ಕಾಯಿ ಮಂಡಿ. ಹಾಸನದಲ್ಲಿ ಎಂಜಿನಿಯರಿಂಗ್ ಓದುವ ಸೋದರಳಿಯ ಲ್ಯಾಪ್‌ಟಾಪ್ ತೆರೆದ. ಗೌಡರು ಕಾಯಿ ಎಣಿಸುವುದನ್ನು ನಿಲ್ಲಿಸಲಿಲ್ಲ.

"ಮಾವ, ಮಂಡಿಗೊಂದು ಸೈಟ್ ಬೇಕು. ಬಿಲ್ಡರಲ್ಲಿ ಮಾಡ್ಲಾ, ಕೋಡ್ ಬರೆದು ನಾನೇ ಕಟ್ಲಾ?"

"ಬಿಲ್ಡರ್ ಸವಾಸ ಬ್ಯಾಡ ಕಣ್ಲಾ. ಖಾತೆ ಯಾರ ಹೆಸ್ರಲ್ಲಿರ್ತದೆ?"

"ವಿಕ್ಸ್ ಅಂತ, ಇಸ್ರೇಲಿಂದು. ಕಟ್ಟಿದ್ದನ್ನ ಎತ್ಕೊಂಡು ಬೇರೆ ಕಡೆ ಹೋಗಕ್ಕಾಗಲ್ಲ."

"ನೆಗಡಿಗೆ ಹಚ್ಚೋದಲ್ವಾ ಅದು?"

"ವರ್ಡ್‌ಪ್ರೆಸ್ಸಾದ್ರೆ 2003ರಿಂದ ಇದೆ, ಪುಕ್ಕಟೆ. ಜಾಗಕ್ಕೆ, ಹೆಸರಿಗೆ ಮಾತ್ರ ವರ್ಷಾವರ್ಷ ದುಡ್ಡು."

"ಎಳನೀರು ಪುಕ್ಕಟೆ, ಬುರುಡೆಗೆ ಕಾಸು ಅನ್ನು."

ಅರಕಲಗೂಡಿನ ಆಲೂಗಡ್ಡೆ ವ್ಯಾಪಾರಿ ಬೀಡಿ ಆರಿಸಿದರು. "ಗೂಗಲ್ಲೂ ಅಂಗಡಿಯೋರಿಗೆ ಪುಕ್ಕಟೆ ಕಟ್ಕೊಡ್ತಿತ್ತು. 2024ರ ಮಾರ್ಚಲ್ಲಿ ಎಲ್ಲಾರ್ದೂ ಮುಚ್ಚಿಬಿಡ್ತು. ನಮ್ದೂ ಹೋಯ್ತು."

"ಅಯ್ಯೋ, ವ್ಯಾಪಾರ?"

"ಅದಕ್ಕೇನಾಯ್ತು? ಸೈಟ್ ಹೋಗಿದ್ದು ನಂಗೇ ಆರು ತಿಂಗಳು ಬಿಟ್ಟು ಗೊತ್ತಾಗಿದ್ದು."

ಅಳಿಯ ಪಟ್ಟು ಬಿಡಲಿಲ್ಲ. "ನಾನೇ ಬರೀತೀನಿ. ಯಾವ ಫ್ರೇಮ್‌ವರ್ಕ್ ಅಂತ ಆರಿಸಕ್ಕೆ ಒಂದು ಸೆಮಿಸ್ಟರ್ ಸಾಕು."

"ಕನ್ನಡದಲ್ಲಿ ಇರ್ತದಾ?"

"ಹಳೇ ನುಡಿ ಫಾಂಟಿನ ದರಪಟ್ಟಿ ಅಂಟಿಸಿದ್ರೆ ಕಲಸುಮೇಲೋಗರ ಆಗುತ್ತೆ. ಯೂನಿಕೋಡ್ ಬೇಕು."

"ಅದಕ್ಕೊಂದು ಕೋಡು, ಇದಕ್ಕೊಂದು ಕೋಡು. ಎತ್ತಿಗೇ ಎರಡು ಸಾಕಪ್ಪ."

ಅಷ್ಟರಲ್ಲಿ ಹೊಳೆನರಸೀಪುರದಿಂದ ಫೋನು. ಗೌಡರು ಕಾಯಿ ರಾಶಿಯ ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದರು. ಫೋನ್‌ಪೇಯಲ್ಲಿ ಮುಂಗಡ ಬಂತು. ಅಳಿಯನ ಪರದೆ ಇನ್ನೂ ಬಣ್ಣ ಆರಿಸಿ ಎನ್ನುತ್ತಿತ್ತು.

"ಮಾವ, ಹಸಿರು ಹಾಕ್ಲಾ, ನೀಲಿ ಹಾಕ್ಲಾ?"

"ಮೊದ್ಲು ಲಾರಿಗೆ ಕಾಯಿ ಹಾಕ್ಲಾ!"