ಗಂಟೆಗೆ 1200 ಲೀಟರ್, ಡಬ್ಬದ ಮೇಲೆ

ಯಲಹಂಕ ಉಪನಗರದ ನಮ್ಮ ಮನೆಯಲ್ಲಿ ಮೂರಡಿ ಉದ್ದದ ಒಂದು ಗಾಜಿನ ತೊಟ್ಟಿ ಇದೆ. ಒಳಗಿರುವುದು ಒಂದೇ ಒಂದು ಮೀನು, ಫ್ಲವರ್‌ಹಾರ್ನ್. ಅದರ ಹಣೆ ಉಬ್ಬಿದಷ್ಟೂ ಮನೆ ಏಳಿಗೆಯಾಗುತ್ತದೆ ಎಂದು ಭಾವಮೈದ ತಂದುಕೊಟ್ಟಿದ್ದು. ಹಣೆಯೇನೋ ಉಬ್ಬಿತು. ಏಳಿಗೆ ಮಾತ್ರ ಅಂಗಡಿಯವನಿಗಾಯಿತು. ಮೊದಲು ತೊಟ್ಟಿ, ಆಮೇಲೆ ಅದಕ್ಕೊಂದು ಸ್ಟ್ಯಾಂಡು, ಕೊನೆಗೆ ‘ಈ ಜಾತಿ ಮೀನು ಗಲೀಜು ಜಾಸ್ತಿ ಮಾಡುತ್ತೆ ಸಾರ್, ಕ್ಯಾನಿಸ್ಟರ್ ಫಿಲ್ಟರೇ ಬೇಕು’ ಎಂದು ಒಂಬತ್ತು ಸಾವಿರ ರೂಪಾಯಿಯ ಒಂದು ಕಪ್ಪು ಡಬ್ಬ. ಆರ್.ಟಿ. ನಗರ, ಯಶವಂತಪುರ, ಹೆಬ್ಬಾಳ ಎಂದು ಮೂರು ಭಾನುವಾರ ಅಲೆದು, ಮೂವರು ಅಂಗಡಿಯವರಿಂದ ಮೂರು ಬಗೆಯ ಶಾಸ್ತ್ರ ಕೇಳಿ, ಕೊನೆಗೆ ಡಬ್ಬದ ಮೇಲೆ ಎಲ್ಲಕ್ಕಿಂತ ದೊಡ್ಡ ಅಂಕಿ ಇದ್ದುದನ್ನು ಆರಿಸಿ ತಂದೆ.

ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಅದು ಈಗ ಎಂಟು ತಿಂಗಳಿನಿಂದ ಗುಂಯ್‌ಗುಡುತ್ತಿದೆ. ಮೊನ್ನೆ ರಾತ್ರಿ ಕಪಾಟಿನ ಬಾಗಿಲು ತೆಗೆದು, ಸ್ಟೂಲ್ ಹಾಕಿಕೊಂಡು ಎದುರಿಗೆ ಕೂತೆ.

ನಾನು: ನೇರವಾಗಿ ಕೇಳ್ತೀನಿ. ನಿಮ್ಮ ಡಬ್ಬದ ಮೇಲೆ ಗಂಟೆಗೆ 1200 ಲೀಟರ್ ಅಂತಿದೆ. ಭಾನುವಾರ ನೀರು ವಾಪಸ್ ಬರುವ ಪೈಪಿಗೆ ಬಕೆಟ್ ಹಿಡಿದು ಅಳೆದೆ. ಹತ್ತು ಲೀಟರ್ ತುಂಬೋಕೆ ಸರಿಯಾಗಿ ಒಂದು ನಿಮಿಷ. ಅಂದರೆ ಗಂಟೆಗೆ 600. ಇನ್ನರ್ಧ ಎಲ್ಲಿ ಹೋಯ್ತು?

ಫಿಲ್ಟರ್: ಡಬ್ಬದ ಮೇಲೆ ಬರೆದೋನು ನಾನಲ್ಲ. ಆ 1200 ನನ್ನ ಹೊಟ್ಟೆ ಖಾಲಿ ಇದ್ದಾಗಿನ ಲೆಕ್ಕ. ಸ್ಪಾಂಜಿಲ್ಲ, ಸೆರಾಮಿಕ್ ರಿಂಗ್ ಇಲ್ಲ, ನೀರನ್ನ ನಾಲ್ಕಡಿ ಮೇಲಕ್ಕೆ ಎತ್ತೋ ಕೆಲಸವೂ ಇಲ್ಲ. ಊಟಕ್ಕೆ ಮುಂಚೆ ಓಡಿದ ವೇಗವನ್ನ ಊಟ ಆದ ಮೇಲೆ ಕೇಳಬಾರದು ಸ್ವಾಮಿ. ಯಾವ ಕಂಪನಿಯ ಡಬ್ಬ ತಂದ್ರೂ ಅಂಕಿಯನ್ನ ಅರ್ಧ ಮಾಡ್ಕೊಂಡೇ ಮನೆಗೆ ತರಬೇಕು. ನಿಮ್ಮ ತೊಟ್ಟಿ ಮೂರಡಿ, ಒಂದೂವರೆ, ಒಂದೂವರೆ. ಲೆಕ್ಕ ಹಾಕಿದ್ರೆ 190 ಲೀಟರ್. ಗಂಟೆಗೆ ನಾಲ್ಕೈದು ಸಲ ಅಷ್ಟೂ ನೀರು ನನ್ನ ಮೂಲಕ ಹಾದು ಹೋಗಬೇಕು. ನೀವೇ ಭಾಗಿಸಿ ನೋಡಿ. ಅದೆಲ್ಲ ಇರ್ಲಿ, ಗೌರಿ ಹಬ್ಬದ ಹಿಂದಿನ ದಿನದ ವಿಷಯಕ್ಕೆ ಯಾವಾಗ ಬರ್ತೀರ?

ನಾನು: ಬರೋಣ. ಆದರೆ ಈ ಅರ್ಧದ ಮಾತು ನನಗೆ ಬಹಳ ಹತ್ತಿರದ್ದು. ಹೆಬ್ಬಾಳದ ಫ್ಲೈಓವರ್ 2003ರಲ್ಲಿ ಆಯ್ತು. ಐದು ವರ್ಷಕ್ಕೆ, 2008ರ ಮೇ ತಿಂಗಳಲ್ಲಿ, ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ಆ ಕಡೆಯಿಂದ ಅಷ್ಟು ಅಗಲದ ರಸ್ತೆ ಬಂದು ಫ್ಲೈಓವರ್ ಬಾಯಲ್ಲಿ ಎರಡು ಸಾಲಾಗಿ ಸಣ್ಣಗಾಗುತ್ತೆ. ಕಾಗದದ ಮೇಲೆ ಗಂಟೆಗೆ ಇಂತಿಷ್ಟು ವಾಹನ. ಬೆಳಿಗ್ಗೆ ಒಂಬತ್ತಕ್ಕೆ ಬಂದು ನೋಡಿದರೆ...

ಫಿಲ್ಟರ್: ಸಂದರ್ಶನ ನನ್ನದಾ, ಹೆಬ್ಬಾಳದ್ದಾ?

ನಾನು: ನಿಮ್ಮದೇ. ಗೌರಿ ಹಬ್ಬ ಅಂದ್ರಿ.

ಫಿಲ್ಟರ್: ಹಬ್ಬಕ್ಕೆ ಮನೆ ತೊಳೆದ್ರಿ. ಫ್ಯಾನ್ ಒರೆಸಿದ್ರಿ. ಕೈ ಅಲ್ಲಿಗೇ ನಿಲ್ಲಬಾರದಿತ್ತಾ? ನನ್ನ ಮುಚ್ಚಳ ಬಿಚ್ಚಿ, ನನ್ನ ಸ್ಪಾಂಜು, ನನ್ನ ರಿಂಗುಗಳನ್ನ ಜರಡಿಗೆ ಹಾಕಿ, ನಲ್ಲಿ ಕೆಳಗೆ ಹಿಡಿದು, ಇಡ್ಲಿ ತಟ್ಟೆ ತೊಳೆದ ಹಾಗೆ ಪಾತ್ರೆ ಸೋಪು ಹಾಕಿ ಉಜ್ಜಿದ್ರಿ. ಯಜಮಾನಿಯವರು ನೋಡಿ ‘ಆಹಾ, ಬೆಳ್ಳಗಾಯ್ತು’ ಅಂದ್ರು. ಆ ಕಂದು ಬಣ್ಣದ ಲೋಳೆ ಇತ್ತಲ್ಲ, ಅದು ಕೊಳೆ ಅಂದ್ಕೊಂಡ್ರಾ? ನನ್ನ ಸಂಸಾರ ಅದು. ನೈಟ್ರೋಸೋಮೊನಾಸ್, ನೈಟ್ರೋಸ್ಪೈರಾ. ಮೀನು ಬಿಟ್ಟ ಅಮೋನಿಯಾವನ್ನ ಒಬ್ಬ ನೈಟ್ರೈಟ್ ಮಾಡ್ತಾನೆ, ಅದನ್ನ ಇನ್ನೊಬ್ಬ ನೈಟ್ರೇಟ್ ಮಾಡ್ತಾನೆ. ಆ ಸಂಸಾರ ನೆಲೆ ನಿಲ್ಲೋಕೆ ಆರು ವಾರ ಹಿಡೀತು. ತೊಳೆಯೋಕೆ ಆರು ನಿಮಿಷ. ತೊಟ್ಟಿಯಿಂದಲೇ ಒಂದು ಬಕೆಟ್ ನೀರು ತೆಗೆದು ಅದರಲ್ಲಿ ಸುಮ್ಮನೆ ಹಿಂಡಿದ್ರೆ ಸಾಕಿತ್ತು.

ನಾನು: ತಪ್ಪಾಯ್ತು. ಮೂರನೇ ದಿನಕ್ಕೆ ಮೀನು ಮೇಲೆ ಬಂದು ಬಾಯಿ ಬಿಡ್ತಾ ಇತ್ತು. ಹಣೆ ಬೇರೆ ಇಳಿದುಹೋಯ್ತು. ಭಾವಮೈದ ಫೋನ್ ಮಾಡಿ, ಮನೆಯ ಈಶಾನ್ಯದಲ್ಲಿ ಏನಾದರೂ ಭಾರ ಇಟ್ಟಿದ್ದೀರಾ ಅಂತ ಕೇಳಿದ.

ಫಿಲ್ಟರ್: ಈಶಾನ್ಯದಲ್ಲಿ ನಿಮ್ಮ ಸಿಂಕ್ ಇದೆ.

ನಾನು: ಬೇರೆ ಕಷ್ಟಗಳನ್ನೂ ಹೇಳಿ. ಇಲ್ಲಿ ಕರೆಂಟ್ ಹೋಗುತ್ತೆ. ಆಗ ನಿಮ್ಮ ಗತಿ?

ಫಿಲ್ಟರ್: ಕಷ್ಟಾನೇ. ಮುಚ್ಚಿದ ಡಬ್ಬದೊಳಗೆ ಆಮ್ಲಜನಕ ಮುಗಿಯುತ್ತೆ, ನನ್ನ ಸಂಸಾರಕ್ಕೆ ಉಸಿರು ಕಟ್ಟುತ್ತೆ. ಆದ್ರೂ ಅದು ಬೆಸ್ಕಾಂ ಮಾಡಿದ್ದು, ಮನೆಯವರು ಮಾಡಿದ್ದಲ್ಲ. ಸೋಪು ಹಾಕಿ ಉಜ್ಜೋದು...

ನಾನು: ಬೋರ್‌ವೆಲ್ ನೀರಿನ ಗಡಸು? ಒಳಗಿನ ಚಕ್ರಕ್ಕೆ ಬಿಳಿ ಉಪ್ಪು ಕಟ್ಟುತ್ತೆ ಅಂತಾರೆ.

ಫಿಲ್ಟರ್: ಕಟ್ಟಲಿ. ಕಟ್ಟಿದ್ದನ್ನ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೀಬಹುದು. ನೀವು ತೆಗೆದಿದ್ದು ಅದನ್ನಲ್ಲ.

ನಾನು: ಸರಿ, ಹೊಸದಾಗಿ ಫಿಲ್ಟರ್ ಕೊಳ್ಳೋರಿಗೆ ಏನು ಹೇಳ್ತೀರ? ಜರ್ಮನಿಯದ್ದಾ, ಚೀನಾದ್ದಾ?

ಫಿಲ್ಟರ್: ಹುಟ್ಟಿದ ಊರು ಕೇಳಬೇಡಿ. ಕೇಳಬೇಕಾದ್ದು ಮುಚ್ಚಳದ ರಬ್ಬರ್ ವಾಷರ್ ಹಾಳಾದ್ರೆ ಈ ಊರಲ್ಲಿ ಎಲ್ಲಿ ಸಿಗುತ್ತೆ ಅಂತ. ವಾಷರ್ ಸಿಗದ ಫಿಲ್ಟರ್, ಮನೆಯೊಳಗೇ ಇಟ್ಕೊಂಡ ಒಡಕು ಸಂಪು. ರಾತ್ರಿ ಎರಡು ಗಂಟೆಗೆ ತೊಟ್ಟಿಯ ನೀರೆಲ್ಲ ಕೆಳಗಿನ ಮನೆ ಸೂರಿಗೆ ಇಳಿಯುತ್ತೆ. ಎರಡನೇದು, ಒಳಗೆ ರಿಂಗಿಗೆ ಜಾಗ ಎಷ್ಟಿದೆ ನೋಡಿ. ಗುಪ್ಪಿ ಸಾಕೋರಿಗೆ ಸಣ್ಣದು ಸಾಕು. ನಿಮ್ಮ ಹಣೆಯ ಮಹಾರಾಜನಿಗೆ ಸಾಲಲ್ಲ, ಅವನು ತಿನ್ನೋದೂ ಜಾಸ್ತಿ, ಬಿಡೋದೂ ಜಾಸ್ತಿ. ಮೂರನೇದು, ಪೈಪಿಗೆ ಬಂದ್ ಮಾಡೋ ವಾಲ್ವ್ ಇರ್ಲಿ. ಇಲ್ಲದಿದ್ರೆ ಪ್ರತೀ ಸಲ ಬಿಚ್ಚುವಾಗ ಮನೆಯವರಿಂದ ಬೈಸ್ಕೋತೀರ. ಆಮೇಲೆ ಪೈಪನ್ನ ಅಷ್ಟು ಉದ್ದ ಬಿಟ್ಟು ಸುತ್ತಿಸಬೇಡಿ. ಒಂದೊಂದು ತಿರುವಿಗೂ ಹರಿವು ಕುಗ್ಗುತ್ತೆ.

ನಾನು: ನೋಡಿ, ನೀವೇ ತಿರುವು ಅಂದ್ರಿ! ಹೆಬ್ಬಾಳದ ಲೂಪ್‌ಗಳೂ ಹೀಗೇ. 2025ರ ಆಗಸ್ಟ್‌ನಲ್ಲಿ ಕೆ.ಆರ್. ಪುರದ ಕಡೆಯಿಂದ ಮೇಖ್ರಿ ಸರ್ಕಲ್ ಕಡೆಗೆ ಹೊಸ ಲೂಪ್ ತೆರೆದರು. ಒಳ್ಳೆಯದೇ. ಆದರೆ ಒಂದು ಪೈಪು ಸೇರಿಸಿದರೆ ಮುಂದಿನ ತೂತು ದೊಡ್ಡದಾಗುತ್ತಾ? ಮೇಖ್ರಿ ಸರ್ಕಲ್ ಅಲ್ಲೇ ಇದೆಯಲ್ಲ? ಕಳೆದ ಗುರುವಾರ ನಾನು ಎಸ್ಟೀಮ್ ಮಾಲ್ ಎದುರು ಮುಕ್ಕಾಲು ಗಂಟೆ...

ಫಿಲ್ಟರ್: ಮುಕ್ಕಾಲು ಗಂಟೆ ನಿಂತಿದ್ರಲ್ಲ, ಪಕ್ಕಕ್ಕೆ ತಿರುಗಿ ಕೆಳಗೆ ನೋಡಿದ್ರಾ?

ನಾನು: ಕೆರೆ ಇದೆ.

ಫಿಲ್ಟರ್: ಕೆರೆ ಇದೆ. ಕಣಿವೆ ಇದೆ. ಈ ಊರಿನ ಕೊಳೆನೀರು ಇಳಿಯೋ ಮೂರು ಕಣಿವೆಗಳಲ್ಲಿ ಅದೊಂದು. ನೀವು ಮೇಲೆ ಹಾರ್ನ್ ಹೊಡೀತಾ ನಿಂತಿರ್ತೀರಲ್ಲ, ಆಗ ಕೆಳಗೆ ಊರಿನ ಬಚ್ಚಲಿನ ನೀರು ನಿಮಗಿಂತ ಬೇಗ ಹೋಗ್ತಾ ಇರುತ್ತೆ. ಎಲ್ಲಿಗೆ ಹೋಗುತ್ತೆ ಗೊತ್ತಾ?

ಗೊತ್ತು. ನನ್ನ ಹೆಂಡತಿಯ ತವರು ಶಿಡ್ಲಘಟ್ಟದ ಕಡೆ. ಹೆಬ್ಬಾಳ–ನಾಗವಾರ ಕಣಿವೆಯ ನೀರು, ನಾವು ಎಚ್.ಎನ್. ವ್ಯಾಲಿ ಅನ್ನುವುದು, ಅಲ್ಲಿಗೇ ಹೋಗುತ್ತದೆ. ದಿನಕ್ಕೆ 210 ದಶಲಕ್ಷ ಲೀಟರ್, ಬೆಂಗಳೂರು ನಗರ, ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರದ 65 ಕೆರೆಗಳಿಗೆ ಎಂಬುದು ಯೋಜನೆ. ಎರಡು ಹಂತ ಶುದ್ಧ ಮಾಡಿ ಕಳಿಸುತ್ತಾರೆ. ಮೂರನೇ ಹಂತ ಮಾಡಿ ಎಂದು ಆ ಜಿಲ್ಲೆಗಳ ಜನ ವರ್ಷಗಟ್ಟಲೆ ಕೇಳುತ್ತಲೇ ಇದ್ದಾರೆ. ಕೆರೆ ತುಂಬಿದ್ದು ಸುಳ್ಳಲ್ಲ. ಒಣಗಿ ಜಾಲಿ ಬೆಳೆದಿದ್ದ ಅಂಗಳದಲ್ಲಿ ನೀರು ನಿಂತಾಗ ನನ್ನ ಮಾವ ಮಗುವಿನ ಹಾಗೆ ದಡಕ್ಕೆ ಹೋಗಿ ನಿಂತಿದ್ದರು. ಸಾವಿರ ಅಡಿ ಕೊರೆದರೂ ಧೂಳು ಬರುತ್ತಿದ್ದ ಸೀಮೆ ಅದು. ಬಂದ ನೀರನ್ನು ಯಾರು ಬೇಡವೆನ್ನುತ್ತಾರೆ? ಬೇಡವೆನ್ನಲಾರರು ಎಂಬುದು ನಮಗೆ ಗೊತ್ತು, ಅದಕ್ಕೇ ಅಷ್ಟಕ್ಕೇ ನಿಲ್ಲಿಸಿದ್ದೇವೆ. ‘ಇದು ಕುಡಿಯಲು ಅಲ್ಲ, ಅಂತರ್ಜಲಕ್ಕೆ ಮಾತ್ರ’ ಎನ್ನುತ್ತಾರೆ. ಆ ಅಂತರ್ಜಲವನ್ನು ಮತ್ತೇನು ಮಾಡುತ್ತಾರೆ ಅಂದುಕೊಂಡಿದ್ದೀರಿ? ಅದೇ ಬೋರ್‌ವೆಲ್ಲು, ಅದೇ ಓವರ್‌ಹೆಡ್ ಟ್ಯಾಂಕು, ಅದೇ ಮನೆಯ ಬಿಂದಿಗೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರನ್ನು ಕೊಳವೆಯಲ್ಲಿ ತಂದುಕೊಂಡ ಊರು ನಮ್ಮದು. ಅದು ಸಾಲದೆ ತಿಪ್ಪಗೊಂಡನಹಳ್ಳಿ, ಅದೂ ಸಾಲದೆ ನೂರು ಕಿಲೋಮೀಟರ್ ಆಚೆಯಿಂದ ಕಾವೇರಿ. ಒಂದೊಂದು ಸಲವೂ ಶುದ್ಧ ನೀರೇ ಬೇಕು ಎಂದು ಹಟ ಹಿಡಿದು ತಂದುಕೊಂಡೆವು. ಕೊಡುವ ಸರದಿ ಬಂದಾಗ ಮುಕ್ಕಾಲು ತೊಳೆದು ಕೊಟ್ಟೆವು. ನಮ್ಮ ಮನೆಯ ಒಂದು ಮೀನಿಗೆ ನಾನು ಮೊದಲು ಸ್ಪಾಂಜು, ಆಮೇಲೆ ರಿಂಗು, ಕೊನೆಗೆ ಇದ್ದಿಲು, ಹೀಗೆ ಮೂರು ಹಂತ ಲೆಕ್ಕ ಹಾಕಿ ಒಂಬತ್ತು ಸಾವಿರ ಸುರಿದಿದ್ದೇನೆ. ಮಾವನ ಮನೆಗೆ ಎರಡು ಹಂತ ಸಾಕು ಎಂದು ಯಾರು ತೀರ್ಮಾನಿಸಿದ್ದು? ಅವರ ಹಣೆ ಉಬ್ಬಿಲ್ಲವೆಂದೇ?

ಕಪಾಟಿನೊಳಗೆ ಸ್ವಲ್ಪ ಹೊತ್ತು ಬರೀ ಗುಂಯ್ ಸದ್ದು.

ಫಿಲ್ಟರ್: ತಿಳಿ ನೀರು ನೋಡಿ ಮೋಸ ಹೋಗ್ತೀರ ನೀವು, ಅದೇ ಕಷ್ಟ. ಸೋಪು ಹಾಕಿ ತೊಳೆದ ಮಾರನೇ ದಿನ ನಿಮ್ಮ ತೊಟ್ಟಿ ನೀರು ಹೇಗಿತ್ತು? ಕನ್ನಡಿ. ಅಮೋನಿಯಾಕ್ಕೆ ಬಣ್ಣ ಇಲ್ಲ. ನಾನು ಪೂರ್ತಿ ಕೆಲಸ ಮಾಡಿದ್ರೂ ಕೊನೆಗೆ ನೈಟ್ರೇಟ್ ಉಳಿಯುತ್ತೆ, ಅದಕ್ಕೇ ವಾರಕ್ಕೆ ಕಾಲು ಭಾಗ ನೀರು ಬದಲಾಯಿಸಿ ಅನ್ನೋದು. ಕೆರೆಯ ನೀರು ಯಾರು ಬದಲಾಯಿಸ್ತಾರೆ? ಉಳಿದ ಸಾರಜನಕ, ರಂಜಕ ತಿಂದ್ಕೊಂಡು ಅಂತರಗಂಗೆ ಹಬ್ಬುತ್ತೆ. ಜನ ಹಸಿರಾಗಿದೆ ಅಂತ ಫೋಟೋ ತೆಗೀತಾರೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆ ತುಂಬ ಮೀನು ಸತ್ತು ತೇಲಿದಾಗ ಮೂಗು ಮುಚ್ಕೊಂಡು ಬಂದು ನೋಡಿದ್ರಿ. ಅಷ್ಟೂ ಮೀನಿಗೆ ಉಸಿರು ಕಟ್ಟೋ ತನಕ ಒಬ್ಬರಿಗೂ ಅನುಮಾನ ಬರಲಿಲ್ಲ.

ನಾನು: ಎಲ್ಲೂ ಸರಿಯಾಗಿ ಆಗ್ತಿಲ್ವಾ ಹಾಗಾದ್ರೆ?

ಫಿಲ್ಟರ್: ಜಕ್ಕೂರಿಗೆ ಹೋಗಿ, ನಿಮಗೆ ಆಟೋ ದೂರ. ಮೊದಲು ಶುದ್ಧೀಕರಣ ಘಟಕ, ಅಲ್ಲಿಂದ ಬಂದ ನೀರು ನೇರ ಕೆರೆಗೆ ಬೀಳಲ್ಲ. ಜೊಂಡು ಬೆಳೆದ ಜೌಗಿನಲ್ಲಿ ನಿಧಾನಕ್ಕೆ ಹಾದು ಆಮೇಲೆ ಕೆರೆ ಸೇರುತ್ತೆ. ನಾನು ಬಿಟ್ಟಿದ್ದನ್ನ ಬೇರು ಹೀರುತ್ತೆ. ಅದು ನನ್ನ ದೊಡ್ಡಪ್ಪನ ಮನೆ ಇದ್ದ ಹಾಗೆ. ಅಲ್ಲೂ ಕುಂದು ಕೊರತೆ ಇಲ್ಲ ಅನ್ನಲ್ಲ. ಆದ್ರೆ ಅದನ್ನ ಕಟ್ಟಿದೋರಿಗೆ ಒಂದು ಬುದ್ಧಿ ಇತ್ತು. ಆ ಜೊಂಡನ್ನ ಕಸ ಅಂತ ಕಿತ್ತು, ಸೋಪು ಹಾಕಿ ಉಜ್ಜಲಿಲ್ಲ.

ನಾನು: ಮತ್ತೆ ಸೋಪಾ?

ಫಿಲ್ಟರ್: ನಿಮಗೆ ಮತ್ತೆ ಹೆಬ್ಬಾಳ ಬರುತ್ತೆ, ನನಗೆ ಮತ್ತೆ ಸೋಪು ಬರುತ್ತೆ.

ನಾನು: ಕೊನೇ ಪ್ರಶ್ನೆ. ನಾಳೆ ಬೆಳಿಗ್ಗೆ ಏಳಕ್ಕೆ ವಿಧಾನಸೌಧದ ಹತ್ತಿರ ಕೆಲಸ ಇದೆ. ಹೆಬ್ಬಾಳದ ಮೇಲೆ ಹೋಗಲೋ, ಜಾಲಹಳ್ಳಿ ಸುತ್ತಿ ಯಶವಂತಪುರದ ಮೇಲೆ...

ಫಿಲ್ಟರ್: ರೈಲಿಗೆ ಹೋಗಿ. ಕೊನೇ ಪ್ರಶ್ನೆ ನಾನು ಕೇಳ್ತೀನಿ. ಇವತ್ತು ಸಂಪಿಗೆ ಬಂದಿದ್ದು ಯಾವ ನೀರು? ಕಾವೇರಿನಾ, ಬೋರಾ, ಟ್ಯಾಂಕರಾ?

ನಾನು: ಮೂರೂ ಬೆರೆತಿರಬೇಕು. ನಮ್ಮ ಸಂಪು ತ್ರಿವೇಣಿ ಸಂಗಮ.

ಫಿಲ್ಟರ್: ಹಾಗಾದ್ರೆ ಕ್ಲೋರಿನ್ ಇದೆಯೋ ಇಲ್ವೋ ನಿಮಗೂ ಗೊತ್ತಿಲ್ಲ. ನಾಳೆ ತೊಟ್ಟಿಗೆ ನೀರು ಬದಲಾಯಿಸೋ ಮುಂಚೆ ಕ್ಲೋರಿನ್ ಕಳೆಯೋ ಹನಿ ಹಾಕಿ. ಬಕೆಟ್ಟಿನಲ್ಲಿ ಒಂದು ದಿನ ಇಟ್ರೆ ಸಾಕು ಅಂತ ಅಂಗಡಿಯೋನು ಹೇಳಿದ್ದನ್ನ ನಂಬ್ಕೊಂಡು ಕೂರಬೇಡಿ. ಇನ್ನೊಂದು ಮಾತು, ಬರ್ಕೊಳ್ಳಿ. ಕರೆಂಟ್ ಹೋಗಿ ನಾಲ್ಕೈದು ಗಂಟೆ ಬರದಿದ್ರೆ ನನ್ನನ್ನ ಹಾಗೇ ಆನ್ ಮಾಡಬೇಡಿ. ಒಳಗೆ ನಿಂತ ನೀರು ಕೊಳೆತಿರುತ್ತೆ. ಮುಚ್ಚಳ ಬಿಚ್ಚಿ ಆ ನೀರು ಚೆಲ್ಲಿ, ರಿಂಗು ಸ್ಪಾಂಜು ಹೊರಗೆ ತೆಗೆದು ತೊಳೀರಿ. ಆದ್ರೆ ದೇವರಾಣೆಗೂ ನಲ್ಲಿ...

ಕರೆಂಟ್ ಹೋಯಿತು. ಕತ್ತಲಲ್ಲಿ ಗುಂಯ್ ಸದ್ದು ನಿಂತಿತು. ಅಡುಗೆಮನೆಯಿಂದ ಹೆಂಡತಿ, ‘ಹೇಗೂ ಫಿಲ್ಟರ್ ನಿಂತಿದೆಯಲ್ಲ, ಹಬ್ಬ ಬೇರೆ ಬಂತು, ಬಿಚ್ಚಿ ಇಲ್ಲಿ ಕೊಡಿ, ಸಿಂಕಿನಲ್ಲಿ ನೀರು ಬರ್ತಿದೆ’ ಎಂದಳು.